ಹರಿಯದ ಚೀಲ

ಸೋಮವಾರ ಬೆಳಿಗ್ಗೆ ಹತ್ತೂಕಾಲಿಗೆ ಬೊಮ್ಮಸಂದ್ರದ ಕಡೆಯ ಠಾಣೆಗೆ ಬಂದ ದೂರು ಇಂಗ್ಲಿಷಿನಲ್ಲಿತ್ತು, ಅದೂ ನಾಲ್ಕು ಪುಟ. ಔಷಧಿ ಸಂಶೋಧನೆಯ ಕಂಪನಿಯೊಂದರ ಮುಖ್ಯಸ್ಥ ಡಾಕ್ಟರ್ ಸುಜಯ್ ಅದನ್ನು ಮೇಜಿನ ಮೇಲೆ ಎಸೆದ ರೀತಿಗೇ ಇನ್ಸ್‌ಪೆಕ್ಟರ್ ಯಮನಪ್ಪನ ಮೈ ಉರಿಯಿತು. ಹೆಡ್ ಕಾನ್ಸ್‌ಟೇಬಲ್ ದಾಸಪ್ಪ ಕಷ್ಟಪಟ್ಟು ಎರಡು ಸಾಲು ಓದಿ ತಲೆಯೆತ್ತಿದ.

“ಡಯಾಲಿಸಿಸ್ ನಡೀವಾಗ ಕಳವು ಅಂತ ಐತೆ. ರೋಗಿ ಹೆಸರೇನು ಸಾರ್?”

“ರೋಗಿ ಇಲ್ಲ ಕಣ್ರೀ, ಪ್ರೋಟೀನ್! ಲ್ಯಾಬಲ್ಲಿ ಶುದ್ಧ ಮಾಡೋಕೆ ಇಟ್ಟಿದ್ದ ಪ್ರೋಟೀನ್! ಯಾರಾದ್ರೂ ಓದಿರೋರನ್ನ ಕರೀರಿ.”

ಯಮನಪ್ಪನಿಗೆ ಇಂಥವರನ್ನು ಕಂಡರೆ ಮೊದಲಿನಿಂದಲೂ ತಾತ್ಸಾರ. ಕೊರಳಿಗೆ ಕಾರ್ಡು ತೂಗುಬಿಟ್ಟುಕೊಂಡ ಕೂಡಲೇ ಇವರಿಗೆ ಎದುರಿಗಿದ್ದವರೆಲ್ಲ ಕುರಿಗಳಾಗಿ ಕಾಣುತ್ತಾರೆ ಎಂಬುದು ಅವನ ಸಿದ್ಧಾಂತ. ಇಪ್ಪತ್ತು ವರ್ಷದ ಸರ್ವಿಸಿನಲ್ಲಿ ಅದು ಸುಳ್ಳಾದದ್ದು ಕಡಿಮೆ.

“ಯಾರ ಮ್ಯಾಲ ಅನುಮಾನ ಐತ್ರೀ?”

“ಅನುಮಾನ ಏನ್ ಬಂತು? ಸಿದ್ದಮ್ಮ ಅಂತ, ಕ್ಲೀನಿಂಗ್ ಹೆಂಗಸು. ಭಾನುವಾರ ಕೋಲ್ಡ್ ರೂಮಿಗೆ ಹೋಗಿದ್ದು ಅವಳೊಬ್ಬಳೇ. ಅರೆಸ್ಟ್ ಮಾಡಿ, ತಾನಾಗೇ ಬಾಯಿ ಬಿಡ್ತಾಳೆ.”

“ಅರೆಸ್ಟ್ ನನ್ನ ಕೆಲಸರೀ. ನೀವು ಸಹಿ ಮಾಡ್ರಿ.”

ಅಪರಿಚಿತರ ವಿರುದ್ಧ ಎಫ್‌ಐಆರ್ ದಾಖಲಾಯಿತು. ಮಧ್ಯಾಹ್ನ ಹನ್ನೆರಡಕ್ಕೆ ಜೀಪು ಕಂಪನಿಯ ಗೇಟಿಗೆ ಬಂದಾಗ ಸಿದ್ದಮ್ಮ ಸೆಕ್ಯುರಿಟಿ ಗೂಡಿನ ಪಕ್ಕ ನೆಲದ ಮೇಲೆ ಕುಳಿತಿದ್ದಳು. ಅವಳ ಕಾರ್ಡು ಕಿತ್ತುಕೊಂಡಿದ್ದರು. ಬಂದುಹೋಗುವ ಶಿಫ್ಟಿನವರೆಲ್ಲ ಕೇಳುವ ಹಾಗೆ ಸುಜಯ್ ಅವಳನ್ನು ಕಳ್ಳಿ ಎಂದು ಕರೆದಿದ್ದ. ಆ ಹೆಸರು ಅಂಟಿಕೊಂಡರೆ ಆ ಕೈಗಾರಿಕಾ ಪ್ರದೇಶದ ಯಾವ ಕಂಪನಿಯ ಗೇಟೂ ಅವಳಿಗೆ ತೆರೆಯುವುದಿಲ್ಲವೆಂದು ದಾಸಪ್ಪನಿಗೂ ಗೊತ್ತಿತ್ತು.

ಕೋಲ್ಡ್ ರೂಮಿನಲ್ಲಿ ನಿವೇದಿತಾ ಎಂಬ ಎಳೆಯ ವಿಜ್ಞಾನಿ ಅತ್ತು ಕಣ್ಣು ಊದಿಸಿಕೊಂಡು ನಿಂತಿದ್ದಳು. ಹೋದದ್ದು ಅವಳು ತಯಾರಿಸಿದ ಪ್ರೋಟೀನ್. ಬಕೆಟ್ಟಿನ ದ್ರಾವಣದಲ್ಲಿ ಗೇಣುದ್ದದ ಪಾರದರ್ಶಕ ಚೀಲವೊಂದು ತೇಲುತ್ತಿತ್ತು.

“ಪ್ರೋಟೀನ್ ಜೊತೆ ಉಪ್ಪು, ಬೇಡದ ಕೆಮಿಕಲ್ಲು ಸೇರಿರುತ್ತೆ ಸರ್. ಈ ಚೀಲಕ್ಕೆ ಕಣ್ಣಿಗೆ ಕಾಣದ ತೂತುಗಳಿವೆ. ನೀರಲ್ಲಿ ಮುಳುಗಿಸಿಟ್ರೆ ಉಪ್ಪು ಹೊರಗೆ ಹೋಗುತ್ತೆ. ಪ್ರೋಟೀನ್ ದಪ್ಪ, ಒಳಗೇ ಉಳಿಯುತ್ತೆ. ಅದಕ್ಕೇ ಡಯಾಲಿಸಿಸ್ ಅನ್ನೋದು. ಶನಿವಾರ ಸಂಜೆ ಇಟ್ಟು ಹೋಗಿದ್ದೆ.”

“ಈಗ ಒಳಗ ಏನೈತಿ?”

“ಬರೀ ನೀರು.”

“ಚೀಲ ಹರದೈತೇನು?”

“ಇಲ್ಲ ಸರ್. ಅದೇ ಅರ್ಥ ಆಗ್ತಿಲ್ಲ.”

ಇಬ್ಬರು ಪಂಚರ ಎದುರು ಮಹಜರು ನಡೆಯಿತು. ಯಮನಪ್ಪ ಹೇಳುತ್ತ ಹೋದ, ದಾಸಪ್ಪ ಪಂಚನಾಮೆ ಬರೆದ. ಚೀಲಕ್ಕೆ ಹರುಕಿಲ್ಲ. ಎರಡೂ ತುದಿಗೆ ಕ್ಲಿಪ್ಪಿದೆ. ಕ್ಲಿಪ್ಪಿನೊಳಗೆ ತುದಿಯನ್ನು ಮೂರು ಸಲ ಮಡಿಚಲಾಗಿದೆ.

“ಮಡಿಚಿರೋದೂ ಬರೀಬೇಕಾ ಸಾರ್?”

“ಕಂಡದ್ದೆಲ್ಲಾ ಬರೀರಿ.” ಯಮನಪ್ಪ ನಿವೇದಿತಾಳತ್ತ ತಿರುಗಿದ. “ಜರಡಿ ಹರಿದಿಲ್ಲ, ಒಳಗ ಹಿಟ್ಟಿಲ್ಲ. ಹಂಗಂದ್ರ ಯಾರೋ ಜರಡೀನ ಬದಲಿ ಮಾಡಿರಬೇಕಲ್ಲವಾ?”

ಹುಡುಗಿಯ ಮುಖ ಬಿಳಚಿಕೊಂಡಿತು. ಚೀಲಗಳನ್ನು ಕತ್ತರಿಸಿಕೊಳ್ಳುವುದು ಕೊಳವೆಯ ಸುರುಳಿಯಿಂದ; ಅವಳು ಮೂಲೆಯ ಕಪಾಟಿನಿಂದ ದೊಡ್ಡ ತೂತಿನ ಸುರುಳಿಯೊಂದನ್ನು ತಂದಳು. ಅದರಲ್ಲಿ ಪ್ರೋಟೀನೂ ನುಸುಳಿಹೋಗುತ್ತದೆ, ಈ ಕೆಲಸಕ್ಕೆ ಬರುವಂಥದ್ದೇ ಅಲ್ಲ. ಅದರ ತುದಿಯನ್ನು ಓರೆಯಾಗಿ ಕತ್ತರಿಸಿದ್ದರು. ತೇಲುತ್ತಿದ್ದ ಚೀಲದ ತುದಿಯನ್ನು ಬಿಡಿಸಿ ಪಕ್ಕಕ್ಕಿಟ್ಟರೆ ಓರೆಗೆ ಓರೆ ಸರಿಯಾಗಿ ಕೂತಿತು. ಯಾರೋ ಅವಳ ಪ್ರೋಟೀನನ್ನು ಈ ಚೀಲಕ್ಕೆ ಸುರಿದಿದ್ದರು, ಅದು ತಾನಾಗಿಯೇ ಬಕೆಟ್ಟಿನ ನೀರಿಗೆ ಇಳಿದುಹೋಗಿತ್ತು.

“ಬಕೆಟ್ಟಿನ್ಯಾಗ ಇರಬೇಕಲ್ಲ ಹಂಗಾದ್ರ?”

“ಇದು ನಿನ್ನೆ ಬದಲಾಯಿಸಿದ ನೀರು ಸರ್. ಹಳೇದು ಸಿಂಕಿಗೆ ಹೋಗಿದೆ.”

ಸಿದ್ದಮ್ಮನನ್ನು ಕರೆಸಿದರು. ಸೆರಗು ಹಿಂಡುತ್ತ ನಿಂತಳು.

“ನೀರು ಚೆಲ್ಲಿದ್ದು ನೀನೇನವಾ?”

“ನಾಣಿ ಸಾರ್ ಪೋನ್ ಮಾಡಿದ್ರು ಸಾಮಿ. ಬಕೀಟ್ ನೀರು ಚೆಲ್ಲಿ ಕ್ಯಾನ್ ನೀರು ಉಯ್ಯಿ ಅಂದ್ರು. ಅಂಗೇ ಮಾಡ್ದೆ. ಚೀಲ ಮುಟ್ಟಿಲ್ಲ, ನಮ್ಮಪ್ಪನಾಣೆ.”

ನಾಣಿ ಎಂದರೆ ಲ್ಯಾಬ್ ಮ್ಯಾನೇಜರ್ ನಾರಾಯಣ. ಹಿಂದೆ ಸರ್ಕಾರಿ ಔಷಧಿ ಕಾರ್ಖಾನೆಯೊಂದರ ಲ್ಯಾಬಿನಲ್ಲಿದ್ದವನು, ಐವತ್ತರ ಸಮೀಪದ ಗರಿಗರಿ ಅಂಗಿಯ ಮನುಷ್ಯ. ಅವನು ಕರೆಯನ್ನು ಅಲ್ಲಗಳೆಯಲಿಲ್ಲ.

“ಹೇಳ್ದೆ. ನೀರು ಬದಲಾಯಿಸೋದು ರೂಢಿ. ಆ ನೆಪದಲ್ಲಿ ಏನೋ ಕಿತಾಪತಿ ಮಾಡಿರ್ತಾಳೆ. ಅಂಥವರಿಗೆ ಏನ್ ಗೊತ್ತಾಗುತ್ತೆ?”

“ಶನಿವಾರ ಸಂಜಿ ಕಡೀಗೆ ಹೋದವರು ಯಾರು?”

“ನಾನೇ. ದಿನಾ ನಾನೇ ಬೀಗ ನೋಡೋದು.”

ಏನೂ ಗೊತ್ತಾಗದವಳು ಸರಿಯಾದ ಸುರುಳಿ ಹುಡುಕಿ ಚೀಲ ಬದಲಾಯಿಸಿದಳಂತೆ! ಯಮನಪ್ಪ ತುಟಿ ಕೊಂಕಿಸಿದ.

ಮರುದಿನ ಪಂಚರನ್ನು ಮತ್ತೆ ಕೂರಿಸಿ, ಸುಜಯ್, ನಿವೇದಿತಾ, ನಾಣಿ ಮೂವರಿಗೂ ಒಂದೊಂದು ಚೀಲ ತುಂಬಿ ತೋರಿಸಲು ಹೇಳಿದ. ಸಿದ್ದಮ್ಮ ಬಾಗಿಲ ಬಳಿ ನಿಂತಿದ್ದಳು.

“ಇದೇನ್ ಸ್ಕೂಲಾ?” ಎಂದು ರೇಗುತ್ತಲೇ ಸುಜಯ್ ಮೊದಲು ಕೈಹಾಕಿದ. ಕೊಳವೆಯನ್ನು ನೆನೆಸಬೇಕೆಂಬುದೇ ಅವನಿಗೆ ಮರೆತುಹೋಗಿತ್ತು. ಚಪ್ಪಟೆಯಾಗಿ ಅಂಟಿಕೊಂಡ ಒಣ ಬಾಯನ್ನು ಉಗುರಿನಲ್ಲಿ ಕೆದಕಿ ಕೆದಕಿ ಹರಿದುಹಾಕಿ, ಕೊಳವೆಯ ಕ್ವಾಲಿಟಿ ಸರಿಯಿಲ್ಲ ಎಂದ. ಕುಣಿಯಲಾರದವಳಿಗೆ ನೆಲ ಡೊಂಕು. ದಾಸಪ್ಪ ನಗು ತಡೆಯಲು ಕೆಮ್ಮಿದ.

ನಿವೇದಿತಾ ಕೊಳವೆ ನೆನೆಸಿ, ತುಂಬಿ, ನೇರವಾಗಿ ಕ್ಲಿಪ್ ಹಾಕಿದಳು. ನಾಣಿ ನೆನೆಸಿದ, ತೊಳೆದ, ತುಂಬಿದ, ಚೀಲ ಉಬ್ಬಲು ಮೇಲೆ ಜಾಗ ಬಿಟ್ಟ. ಆಮೇಲೆ ತುದಿಯನ್ನು ಒಂದು, ಎರಡು, ಮೂರು ಸಲ ಮಡಿಚಿ ಉಗುರಿನಿಂದ ತೀಡಿ ಕ್ಲಿಪ್ ಒತ್ತಿದ.

“ಮಡಚೂದು ಯಾಕ್ರೀ? ಆಕಿ ಮಡಚಲಿಲ್ಲ.”

“ಈಗಿನವರಿಗೆ ಕೆಲಸ ಎಲ್ಲಿ ಬರುತ್ತೆ? ಕ್ಲಿಪ್ ನಂಬ್ಕೊಂಡಿರ್ತಾರೆ. ಇಲ್ಲಿ ನನ್ನ ಬಿಟ್ರೆ ಒಬ್ರೂ ಮಡಚಲ್ಲ. ಹೇಳಿ ಹೇಳಿ ಸಾಕಾಯ್ತು.”

“ದಾಸಪ್ಪ, ನಿನ್ನೆಯ ಪಂಚನಾಮೆ ಓದ್ರಿ.”

ದಾಸಪ್ಪ ಮೂರು ಮಡಿಕೆಯ ಸಾಲಿಗೆ ಬರುವಷ್ಟರಲ್ಲಿ ನಾಣಿಯ ಕೈ ಚೀಲದಿಂದ ತಾನಾಗಿ ಹಿಂದೆ ಸರಿದಿತ್ತು. ನಿವೇದಿತಾ ಅವನನ್ನೇ ನೋಡುತ್ತಿದ್ದಳು. ಹಾಳುಮಾಡುವ ಕೆಲಸವನ್ನೂ ಇಷ್ಟು ಅಚ್ಚುಕಟ್ಟಾಗಿ ಮಾಡುವ ದಡ್ಡತನ ದಡ್ಡರಿಗೆ ಬರುವುದಿಲ್ಲ, ಅದಕ್ಕೆ ಜಂಬ ಬೇಕು ಎಂದುಕೊಂಡ ಯಮನಪ್ಪ. ಅರ್ಧ ಗಂಟೆಯ ವಿಚಾರಣೆಯಲ್ಲಿ ನಾಣಿ ಒಪ್ಪಿಕೊಂಡ. ದಸ್ತಗಿರಿ ಪತ್ರಕ್ಕೆ ಸಹಿ ಬಿತ್ತು.

“ಸರಿ ಬಿಡಿ, ಆ ಹೆಂಗಸನ್ನ ಕ್ಲೀನಿಂಗ್ ಏಜೆನ್ಸಿಯವರು ಬೇರೆ ಕಡೆ ಹಾಕ್ತಾರೆ,” ಎಂದ ಸುಜಯ್.

“ನಿನ್ನೆ ಗೇಟಿನ್ಯಾಗ ಮಂದಿ ಮುಂದ ಕಳ್ಳಿ ಅಂದ್ರಿ. ಅದಽ ಗೇಟಿನ್ಯಾಗ, ಅದಽ ಮಂದಿ ಮುಂದ ಅಲ್ಲ ಅನ್ರಿ. ಕನ್ನಡದಾಗ ಅನ್ರಿ. ಆಮ್ಯಾಲ ಆಕಿ ಕಾರ್ಡು ಕೊಡ್ರಿ.”

ಮಧ್ಯಾಹ್ನದ ಶಿಫ್ಟು ಒಳಬರುವಾಗ ಸುಜಯ್ ಗೇಟಿನಲ್ಲಿ ನಿಂತು ಗೊಣಗಿದ. ಕೇಳಿಸಲಿಲ್ಲ ಎಂದ ದಾಸಪ್ಪ. ಸುಜಯ್ ಮತ್ತೊಮ್ಮೆ, ಗಟ್ಟಿಯಾಗಿ ಹೇಳಿದ. ಸಿದ್ದಮ್ಮ ಕಾರ್ಡನ್ನು ಕೊರಳಿಗೆ ಹಾಕಿಕೊಂಡಳು, ಆದರೆ ಒಳಗೆ ಹೋಗಲಿಲ್ಲ.

“ಅಂಗಾರೆ ಆ ನೀರೊಳಗಿತ್ತಾ ಸಾಮಿ ಅದು? ಆ ಮಗಾ ಕಷ್ಟಪಟ್ಟಿದ್ದನ್ನ ನಾನೇ ಮೋರಿಗೆ ಸುರಿದ್ನಾ?”

ನಿವೇದಿತಾ ಬಂದು ಅವಳ ಕೈ ಹಿಡಿದುಕೊಂಡಳು. ಅಷ್ಟು ಹೊತ್ತೂ ನಾಣಿಯ ಮೇಲೆ ಬರೀ ತಾತ್ಸಾರವಿದ್ದ ಯಮನಪ್ಪನಿಗೆ ಆಗ ನಿಜವಾಗಿಯೂ ಹೇಸಿಗೆಯಾಯಿತು. ತಾನು ಹಾಳುಮಾಡಿದ್ದನ್ನು ಚೆಲ್ಲಿಸಲು ನಾಣಿಗೆ ಈ ಕೈಗಳೇ ಬೇಕಾಗಿದ್ದವು.

ಜೀಪಿನಲ್ಲಿ ಯಮನಪ್ಪ ಒಂದೇ ಪ್ರಶ್ನೆ ಕೇಳಿದ. “ಯಾಕ್ರೀ?”

ನಾಣಿ ಹೊರಗೆ ನೋಡುತ್ತಲೇ ಹೇಳಿದ. “ಎರಡು ವರ್ಷ ನಾನು ಆ ಪ್ರೋಟೀನ್ ಮಾಡೋಕೆ ನೋಡ್ದೆ ಸಾರ್. ಪ್ರತಿ ಸಲ ಚೀಲದಲ್ಲೇ ಗಟ್ಟಿಯಾಗಿ ಕೆಟ್ಟುಹೋಗ್ತಿತ್ತು. ಅವಳು ಬಂದು ಮೊದಲನೇ ಸಲಕ್ಕೇ ಮಾಡಿದ್ಳು. ತುದಿ ಮಡಚದೇನೇ ಕ್ಲಿಪ್ ಹಾಕಿದ್ಳು ಸಾರ್. ಆದ್ರೂ ಒಂದು ತೊಟ್ಟು ಸೋರಲಿಲ್ಲ.”

ಹೇಳಿಕೆ ಬರೆಯುತ್ತಿದ್ದ ದಾಸಪ್ಪನ ಪೆನ್ನು ನಿಂತಿತು. “ಉದ್ದೇಶ ಅನ್ನೋ ಕಡೆ ಏನಂತ ಬರೀಲಿ ಸಾರ್?”

“ಹೊಟ್ಟೆಕಿಚ್ಚು ಅಂತ ಬರೀರಿ,” ಎಂದು ಯಮನಪ್ಪ ಕಿಟಕಿಯ ಕಡೆ ತಿರುಗಿದ.