ಎಡಕ್ಕೆ ಎಳೆಯುವ ಕಾರು

"ಅದನ್ನ ಕೆಳಗ ಇಡ್ರಿ."

ಆ ದನಿಗೆ ಅವನು ತಿರುಗಿ ನೋಡಿದ. ಅವನ ಕೈಯಲ್ಲಿ ಕಾರಿನ ಮುಂದಿನ ಮಡ್‌ಗಾರ್ಡ್ ಇತ್ತು. ಇನ್ನೊಂದು ಆಗಲೇ ಗೋಡೆಗೆ ಒರಗಿತ್ತು. ಮೇಲೆ ಹೊದಿಸುವ ಬಟ್ಟೆಯ ಟಪ್ಪು, ಹಿಂದೆ ಕಟ್ಟಿದ್ದ ಹೆಚ್ಚಿನ ಗಾಲಿ, ಬಂಪರು... ಒಂದೊಂದಾಗಿ ಬಿಚ್ಚಿ ನೆಲದ ಮೇಲೆ ಸಾಲಾಗಿ ಇಟ್ಟಿದ್ದ.

ಆ ದನಿ ಮುಕ್ತಾಳದು. ಹಾಡಹಗಲೇ ಕಳ್ಳ!

ಕೈಗೆ ಸಿಕ್ಕ ಸುತ್ತಿಗೆಯನ್ನು ಎತ್ತಿಕೊಂಡು ಅವಳು ಬಾಗಿಲಿಗೆ ಅಡ್ಡ ನಿಂತಳು. ಅವನು ಓಡಲಿಲ್ಲ. ಮಡ್‌ಗಾರ್ಡನ್ನು ಮಗುವನ್ನು ಮಲಗಿಸುವಷ್ಟು ಮೆಲ್ಲಗೆ ಕೆಳಗಿಟ್ಟ.

"ನಾ ಗೊಲ್ಲಾಳಪ್ಪ ರೀ. ಅಕ್ಕಲಕೋಟದಾಂವ. ಮಿಸ್ತ್ರಿಯವ್ರು ಬಾ ಅಂದಿದ್ರು. ಈ ಕಾರ್ ಓಡ್ಸೋರು ನೀವ ಏನ್ರಿ?"

ಅಷ್ಟರಲ್ಲಿ ಅಪ್ಪ ಬಂದ. ನಗುತ್ತಾ ಸುತ್ತಿಗೆಯನ್ನು ಮಗಳ ಕೈಯಿಂದ ತೆಗೆದುಕೊಂಡ. ಆದರೂ ಮುಕ್ತಾಳ ಮನಸ್ಸಿನಲ್ಲಿ ಬಿದ್ದ ಸಂಶಯದ ಕಿಡಿ ಆರಲಿಲ್ಲ. ಹೇಳದೆ ಕೇಳದೆ ನನ್ನ ಕಾರಿಗೆ ಕೈ ಹಾಕಿದವನು... ಇವನನ್ನು ನಂಬುವುದು ಹೇಗೆ?

ಅದು ೧೯೫೪ನೇ ಇಸವಿ. ಸೊಲ್ಲಾಪುರದ ಹೋಟಗಿ ರಸ್ತೆಯಲ್ಲಿ ಮುಕ್ತಾಳ ಅಪ್ಪ ಸಿದ್ದರಾಮಪ್ಪ ಮಿಸ್ತ್ರಿಯ ಮೋಟಾರು ಕಾರ್ಖಾನೆ ಎಂದರೆ ಲಾರಿಯವರಿಗೆಲ್ಲ ಗೊತ್ತು. ಆ ಕಾರು ಮಾತ್ರ ಅಲ್ಲಿಗೆ ಒಗ್ಗದ ವಸ್ತು. ಇಬ್ಬರೇ ಕೂರುವ, ಮೇಲೆ ಗಟ್ಟಿ ಸೂರಿಲ್ಲದ, ತಂತಿ ಗಾಲಿಗಳ ಹಗುರವಾದ ಇಂಗ್ಲಿಷ್ ಕಾರು. ಬಟ್ಟೆ ಗಿರಣಿಯ ಇಂಗ್ಲಿಷ್ ದೊರೆಯೊಬ್ಬ ಅದನ್ನು ಹಳ್ಳಕ್ಕೆ ಇಳಿಸಿ, ಹಾಗೇ ಬಿಟ್ಟು ತನ್ನ ದೇಶಕ್ಕೆ ಹೋಗಿದ್ದ. ಅದನ್ನು ಎತ್ತಿನ ಗಾಡಿಯಲ್ಲಿ ಹೇರಿಕೊಂಡು ಬಂದವನು ಮುಕ್ತಾಳ ಅಣ್ಣ ಧರೆಪ್ಪ.

ಧರೆಪ್ಪ ಈಗಿಲ್ಲ. ಅವನು ಓಡಿಸುತ್ತಿದ್ದ ಲಾರಿ ಅಕ್ಕಲಕೋಟದ ರಸ್ತೆಯಲ್ಲಿ ಮಗುಚಿ ಬಿದ್ದಿತ್ತು. ಅವನು ಅರ್ಧಕ್ಕೆ ಬಿಟ್ಟ ಕಾರನ್ನು ಅಪ್ಪ, ಮಗಳು ಸೇರಿ ಪೂರ್ತಿ ಮಾಡಿದರು. ಅಣ್ಣನ ಖಾಕಿ ಅಂಗಿ ತೊಟ್ಟು ಮುಕ್ತಾ ಅದನ್ನು ಓಡಿಸಲು ಕಲಿತಳು. ಓಣಿಯ ಜನ ನಕ್ಕರು. ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ.

ದೀಪಾವಳಿ ಕಳೆದ ಮೇಲೆ, ಊರಾಚೆ ಹಿಂದೆ ವಿಮಾನ ಇಳಿಯುತ್ತಿದ್ದ ಬಯಲಿನಲ್ಲಿ ಮುಂಬೈಯವರು ಕಾರಿನ ಓಟ ಏರ್ಪಡಿಸಿದ್ದರು. ಹೆಂಗಸರೂ ಓಡಿಸಬಹುದು ಎಂದಿದ್ದರು. ಮುಕ್ತಾ ಹೆಸರು ಕೊಟ್ಟುಬಿಟ್ಟಳು. ಅಪ್ಪ ಬೇಡ ಎನ್ನಲಿಲ್ಲ. ಹೂಂ ಎಂದೂ ಹೇಳಲಿಲ್ಲ. ತನ್ನ ಕೈ ನಡುಗುತ್ತದೆ, ಪುಣೆಯ ಮಿಲಿಟರಿ ಕಾರ್ಖಾನೆಯಲ್ಲಿ ಕೆಲಸ ಮಾಡಿದ ಹುಡುಗನೊಬ್ಬ ಇದ್ದಾನೆ, ಅವನು ನೋಡಿ ಹೇಳಲಿ ಎಂದಷ್ಟೇ ಅಂದಿದ್ದ.

ಆ ಹುಡುಗನೇ ಗೊಲ್ಲಾಳಪ್ಪ. ಅವನು ಕಾರಿನ ಸುತ್ತ ಒಂದು ಸುತ್ತು ಬಂದು, ಬಹಳ ಚಂದದ ಕಾರು, ಓಟಕ್ಕೆ ತಕ್ಕದ್ದು ಎಂದುಬಿಟ್ಟ. ಅಪ್ಪನ ಮುಖ ಯಾಕೋ ಸಪ್ಪಗಾಯಿತು. ಮುಕ್ತಾ ಅದನ್ನು ಗಮನಿಸಲಿಲ್ಲ. ಅವಳ ಕಣ್ಣೆಲ್ಲ ಗೊಲ್ಲಾಳಪ್ಪನ ಕೈಗಳ ಮೇಲಿತ್ತು.

ಆ ಕೈಗಳು ಕೆಲಸ ಬಲ್ಲವು ಎಂಬುದು ಎರಡೇ ದಿನದಲ್ಲಿ ಅವಳಿಗೆ ತಿಳಿಯಿತು. ಓಟಕ್ಕೆ ಬೇಡವಾದ ಭಾರವನ್ನೆಲ್ಲ ಅವನು ಇಳಿಸಿದ. ಮುಂದಿನ ಗಾಜನ್ನು ಮಡಿಸಿ ಮಲಗಿಸಿದ. ಇಂಜಿನ್ನಿಗೆ ಗಾಳಿ, ಪೆಟ್ರೋಲು ಬೆರೆಸಿ ಕೊಡುವ ಎರಡು ಕಾರ್ಬುರೇಟರ್‌ಗಳ ಉಸಿರು ಒಂದೇ ಸಮ ಆಗುವವರೆಗೆ ರಬ್ಬರ್ ಕೊಳವೆಯನ್ನು ಕಿವಿಗೆ ಹಿಡಿದು ಕೂತ. ಗಾಲಿಗಳು ನೇರ ಇವೆಯೋ ಇಲ್ಲವೋ ನೋಡಲು ಕಾರಿನ ಎರಡೂ ಬದಿಗೆ ದಾರ ಎಳೆದು, ತುದಿ ಹಿಡಿಯಲು ಮುಕ್ತಾಳನ್ನು ಕರೆದ. ದಾರ ಬದಲಿಸುವಾಗ ಬೆರಳಿಗೆ ಬೆರಳು ತಾಕಿತು.

ಒಂದು ದಿನ ಕಾರನ್ನು ಹತ್ತಿ ಪೇಟೆಗೆ ಒಯ್ದರು. ಹತ್ತಿಯ ದೊಡ್ಡ ಮೂಟೆ ತೂಗುವ ಕಾಟಾದ ಮೇಲೆ ಒಂದು ಗಾಲಿ, ಉಳಿದ ಮೂರರ ಕೆಳಗೆ ಅಷ್ಟೇ ಎತ್ತರದ ಹಲಗೆ. ಯಾವ ಗಾಲಿಯ ಮೇಲೆ ಎಷ್ಟು ಭಾರ ಬೀಳುತ್ತದೆ ಎಂದು ತಿಳಿಯಬೇಕಿತ್ತು.

"ನೀವು ಕಾರಿನಾಗ ಕೂಡ್ಬೇಕ್ರಿ," ಎಂದ ಗೊಲ್ಲಾಳಪ್ಪ, ನೆಲ ನೋಡುತ್ತಾ. "ಓಡ್ಸೋರು ಕೂತ್ರಷ್ಟ ಖರೇ ತೂಕ ತಿಳೀತದ."

ದಲಾಲರು, ಹಮಾಲರು ಎಲ್ಲರೂ ನೋಡುತ್ತಿದ್ದರು. ಮುಕ್ತಾ ಕೆಂಪಾದ ಮುಖ ಹೊತ್ತು ಕೂತಳು. ಅವನು ಜನರಿಗೆ ಬೆನ್ನು ಕೊಟ್ಟು, ಕಾಟಾ ಅವರಿಗೆ ಕಾಣದಂತೆ ನಿಂತು ತೂಕ ನೋಡಿದ. ಬಾಯಿ ಬಿಟ್ಟು ಹೇಳಲಿಲ್ಲ. ಆ ಸಣ್ಣ ಮರ್ಯಾದೆ ಅವಳ ಮನಸ್ಸಿನಲ್ಲಿ ಎಲ್ಲೋ ಹೋಗಿ ಕೂತಿತು. ಬಲಗಡೆ ಭಾರ ಹೆಚ್ಚಿದೆ ಎಂದು ಅವನು ಬ್ಯಾಟರಿಯನ್ನು ಎಡಕ್ಕೆ ಸರಿಸಿದ.

ಆ ಸಂಜೆ ಕಾರು ಬಾಣದಂತೆ ಹೋಯಿತು. ಮುಕ್ತಾ ರಾತ್ರಿಯೆಲ್ಲ ಅದೇ ಖುಷಿಯಲ್ಲಿದ್ದಳು.

ಆದರೆ ನಾಲ್ಕೈದು ದಿನಗಳಲ್ಲಿ ಏನೋ ಕೆಟ್ಟಿತು.

ಕಾರು ಎಡಕ್ಕೆ ಎಳೆಯತೊಡಗಿತು. ಸ್ಟೇರಿಂಗ್ ಭಾರವಾಯಿತು. ಒಂದು ದಿನ ಸರಿ ಇದ್ದರೆ ಮರುದಿನ ಇಂಜಿನ್ ಕೆಮ್ಮುತ್ತಿತ್ತು. ಯಾಕೆ ಹೀಗೆ ಎಂದು ಕೇಳಿದರೆ ಗೊಲ್ಲಾಳಪ್ಪ ಕಣ್ಣು ತಪ್ಪಿಸಿ, ನೋಡುತ್ತೇನೆ ಎನ್ನುತ್ತಿದ್ದ. ಅಪ್ಪನೂ ಅವನೂ ಮೂಲೆಯಲ್ಲಿ ನಿಂತು ಪಿಸುಗುಟ್ಟುತ್ತಿದ್ದರು. ಅವಳು ಬಂದ ಕೂಡಲೇ ಮಾತು ನಿಲ್ಲುತ್ತಿತ್ತು.

ಬ್ಯಾಟರಿ ಎಡಕ್ಕೆ ಸರಿಸಿದವನು ಇವನು. ಕಾರು ಎಳೆಯುವುದೂ ಎಡಕ್ಕೆ... ಅಪ್ಪನಿಗೂ ಏನೋ ಸುಳ್ಳು ಹೇಳಿ ನಂಬಿಸುತ್ತಿದ್ದಾನೆಯೇ?

ಮಾತಿನ ನಡುವೆ ಅವನೇ ಒಮ್ಮೆ ಹೇಳಿದ್ದ, ಪುಣೆಯ ತನ್ನ ಹಳೆಯ ಸಾಹೇಬರೂ ಈ ಓಟಕ್ಕೆ ಕಾರು ತರುತ್ತಾರೆ ಎಂದು. ಆಗ ಅವಳು ಸುಮ್ಮನೆ ಕೇಳಿದ್ದಳು. ಈಗ ಆ ಮಾತು ಮುಳ್ಳಿನಂತೆ ಚುಚ್ಚಿತು.

ಅವಳು ಪರೀಕ್ಷೆ ಮಾಡಿದಳು. ಕಾರ್ಬುರೇಟರ್‌ನ ಸ್ಕ್ರೂ ಮೇಲೆ ಯಾರಿಗೂ ಕಾಣದಂತೆ ಸುಣ್ಣದ ಗೆರೆ ಎಳೆದಳು. ಮರುದಿನ ಗೆರೆ ತಿರುಗಿತ್ತು! ಬಂದದ್ದು ಬರೀ ಸಿಟ್ಟಾಗಿದ್ದರೆ ತಡೆದುಕೊಳ್ಳಬಹುದಿತ್ತು. ಅವನು ಕೆಟ್ಟವನಾಗಿರಬಾರದು ಎಂದು ಮನಸ್ಸು ಬೇಡಿಕೊಳ್ಳುತ್ತಿತ್ತಲ್ಲ, ಅದೇ ಸಂಕಟ.

ಓಟಕ್ಕೆ ಒಂದು ವಾರವಿದ್ದಾಗ, ಮುಂಜಾನೆ ಬೇಗ ಕಾರ್ಖಾನೆಗೆ ಬಂದಳು. ಬಾಗಿಲು ತೆರೆದೇ ಇತ್ತು. ಒಳಗೆ ಗೊಲ್ಲಾಳಪ್ಪ ಮುಂದಿನ ಎಡಗಾಲಿಯ ಹತ್ತಿರ ಕುಕ್ಕರಗಾಲಲ್ಲಿ ಕೂತಿದ್ದ. ಸುಸ್ಸ್... ಎಂದು ಗಾಳಿ ಹೊರಬರುವ ಸದ್ದು ಅವಳಿಗೆ ಸ್ಪಷ್ಟವಾಗಿ ಕೇಳಿಸಿತು.

"ಯಾರ ಸಲುವಾಗಿ ಇದನ್ನ ಮಾಡಾಕತ್ತೀರಿ?"

ಅವನು ಎದ್ದು ನಿಂತ. ಬಣ್ಣ ಹೋದ ಮುಖ. ಅಳತೆ ನೋಡುತ್ತಿದ್ದೆ ಎಂದ.

"ಸುಳ್ಳು. ಸ್ಕ್ರೂ ತಿರುಗಿಸಿದ್ದೂ ನನಗ ಗೊತ್ತದ. ಗಾಳಿ ಇಲ್ಲದ ಗಾಲಿ ತಿರುವಿನ್ಯಾಗ ಕಿತ್ಕೊಂಡು ಬರ್ತದಂತ ನಿಮಗ ತಿಳಿಯಂಗಿಲ್ಲೇನು? ನಮ್ಮಣ್ಣ ಹೋದ. ಈಗ ನಾನೂ ಹೋಗ್ಬೇಕೇನು?"

ಏನಾದರೂ ಹೇಳು... ಒಂದು ಮಾತು ಹೇಳು, ನಾನು ನಂಬುತ್ತೇನೆ ಎಂದು ಅವಳ ಒಳಗೆ ಯಾರೋ ಅಳುತ್ತಿದ್ದರು. ಅವನು ಹೇಳಿದ್ದು ಬೇರೆಯೇ.

"ನಾ ಇರದಿದ್ರ, ದಿನಾ ಮುಂಜಾನೆ ನಾಲ್ಕೂ ಗಾಲಿ ನೀವ ನೋಡ್ಕೋರಿ. ಅಷ್ಟು ಮಾಡ್ರಿ, ಸಾಕು."

ಕೈ ಒರೆಸಿಕೊಂಡು, ಚೀಲ ಹೆಗಲಿಗೆ ಹಾಕಿಕೊಂಡು ಅವನು ಹೊರಟುಹೋದ. ಅಪ್ಪನಿಗೆ ಅವಳು ಎಲ್ಲ ಹೇಳಿದಳು. ಅಪ್ಪ ಗೋಡೆಯ ಕಡೆ ಮುಖ ಮಾಡಿ ಹೊರಸಿನ ಮೇಲೆ ಮಲಗಿಬಿಟ್ಟ.

ಮೂರನೆಯ ದಿನ ಎಡಗಾಲಿಯಲ್ಲಿ ಮತ್ತೆ ಗಾಳಿ ಕಡಿಮೆಯಾಗಿತ್ತು.

ಮುಕ್ತಾ ಗಾಲಿಯ ಮುಂದೆ ಕೂತೇಬಿಟ್ಟಳು. ಟ್ಯೂಬು ತೂತಾಗಿರಲಿಲ್ಲ. ನೀರಿನಲ್ಲಿ ಮುಳುಗಿಸಿ ನೋಡಿ, ಮತ್ತೆ ಗಾಳಿ ತುಂಬಿದ್ದಳು. ಹಾಗಾದರೆ ಅವನು ಅಕ್ಕಲಕೋಟದಿಂದ ಕದ್ದು ಬರುತ್ತಿದ್ದಾನೆಯೇ? ಇರಲಿ. ಈ ಸಲ ಕೈ ಹಿಡಿದೇ ಕೇಳುತ್ತೇನೆ.

ಮಧ್ಯಾಹ್ನ, ಓಣಿಯಲ್ಲಿ ಅರಿಶಿನ ಕುಂಕುಮಕ್ಕೆ ಹೋಗುತ್ತೇನೆಂದು ಅಪ್ಪನಿಗೆ ಹೇಳಿ, ಹಿಂದಿನ ಬಾಗಿಲಿನಿಂದ ಬಂದು ರಿಪೇರಿಗೆ ನಿಂತಿದ್ದ ಲಾರಿಯ ಹಿಂದೆ ಕೂತಳು. ತಗಡಿನ ಸೂರಿನ ಕೆಳಗೆ ಬಿಸಿ ಉಸಿರುಗಟ್ಟಿಸುತ್ತಿತ್ತು.

ಹೆಜ್ಜೆ ಸದ್ದಾಯಿತು. ನಿಧಾನವಾದ, ಎಳೆದು ಹಾಕುವ ಹೆಜ್ಜೆ. ಆ ಹೆಜ್ಜೆ ಅವಳಿಗೆ ಹುಟ್ಟಿದಾಗಿನಿಂದ ಗೊತ್ತು...

ಅಪ್ಪ!

ಅಪ್ಪ ಗಾಲಿಯ ಮುಂದೆ ಕಷ್ಟಪಟ್ಟು ಕೂತ. ವಾಲ್ವಿನ ಟೋಪಿ ಬಿಚ್ಚಿ ಕಡ್ಡಿಯಿಂದ ಒತ್ತಿದ. ಸುಸ್ಸ್... ಅವನ ಕೈಯ ಮೇಲೆ ಕಣ್ಣೀರು ಬೀಳುತ್ತಿತ್ತು.

ಮುಕ್ತಾ ಲಾರಿಯ ಮರೆಯಿಂದ ಎದ್ದಳು. ಬಂದು, ಅಪ್ಪನ ಪಕ್ಕದಲ್ಲಿ ನೆಲದ ಮೇಲೆ ಕೂತಳು. ಅಪ್ಪ ಬೆಚ್ಚಿದ. ಆಮೇಲೆ ಕಡ್ಡಿ ಕೈಯಿಂದ ಜಾರಿಸಿ, ತಲೆ ತಗ್ಗಿಸಿದ.

"ಜೋರು ಹೋಗಬಾರ್ದಂತ ಮಾಡಿದೆ ಅವ್ವಾ. ಸ್ಟೇರಿಂಗ್ ಭಾರ ಆದ್ರ ನೀನ ಬ್ಯಾಡ ಅಂತಿ ಅನ್ಕೊಂಡೆ. ಅವತ್ತು ನಿಮ್ಮಣ್ಣ ಧರ್ಯಾನ ಲಾರಿ ಬ್ರೇಕ್ ರಿಪೇರಿ ಮಾಡಿದ್ದು ನಾನ. ಈ ಕೈಲೆನ. ಇನ್ನೊಮ್ಮೆ ಹಂಗ ಆದ್ರ ನಾ ಹ್ಯಾಂಗ ಇರ್ಲಿ?"

ಉಳಿದದ್ದನ್ನೆಲ್ಲ ಅವನು ಅಳುತ್ತಲೇ ಹೇಳಿದ. ಕಾರು ಕೆಡತೊಡಗಿದ ಮೊದಲ ವಾರದಲ್ಲೇ ಗೊಲ್ಲಾಳಪ್ಪನಿಗೆ ಗೊತ್ತಾಗಿತ್ತಂತೆ. ಇದು ಅವಳ ಜೀವಕ್ಕೇ ಅಪಾಯ, ಹೇಳಿಬಿಡೋಣ ಎಂದು ಬೇಡಿಕೊಂಡಿದ್ದನಂತೆ. ಮಗಳಿಗೆ ತಿಳಿದರೆ ಅವಳು ತನ್ನ ಮುಖ ನೋಡುವುದಿಲ್ಲ ಎಂದು ಅಪ್ಪನೇ ಮನೆದೇವರು ಬೀರೋಬಾನ ಆಣೆ ಹಾಕಿಸಿ ಅವನ ಬಾಯಿ ಕಟ್ಟಿದ್ದ. ಅಂದಿನಿಂದ ಅವನು ದಿನವೂ ಎಲ್ಲರಿಗಿಂತ ಮೊದಲೇ ಬಂದು ಸ್ಕ್ರೂ ಸರಿಮಾಡಿ, ಗಾಲಿಗೆ ಗಾಳಿ ತುಂಬಿ, ಅಳತೆ ನೋಡಿ ಇಡುತ್ತಿದ್ದ. ಅವಳು ನೋಡಿದ್ದು ಅದನ್ನೇ, ಕೇಳಿದ್ದು ಅಳತೆ ನೋಡುವಾಗ ಸೋರಿದ ಗಾಳಿಯನ್ನು.

ಮುಕ್ತಾ ಅಪ್ಪನ ಎರಡೂ ಕೈಗಳನ್ನು ಹಿಡಿದುಕೊಂಡಳು. ಅಣ್ಣನ ಲಾರಿಯ ಬ್ರೇಕು ಕೆಟ್ಟಿರಲಿಲ್ಲ, ಅಡ್ಡ ಬಂದ ಎಮ್ಮೆಯನ್ನು ಉಳಿಸಲು ಅವನು ಲಾರಿ ತಿರುಗಿಸಿದ್ದ ಎಂದು ಲಾರಿಯಲ್ಲಿ ಜೊತೆಗಿದ್ದ ಕ್ಲೀನರ್ ಅವತ್ತೇ ಹೇಳಿದ್ದ. ಅಪ್ಪನೂ ಕೇಳಿದ್ದ, ಆದರೆ ನಂಬಿರಲಿಲ್ಲ. ಅವಳು ಅದನ್ನೇ ಮತ್ತೆ ಹೇಳಿದಳು, ಸಣ್ಣ ಮಗುವಿಗೆ ಹೇಳುವಂತೆ, ಅಪ್ಪನ ಬಿಕ್ಕು ನಿಲ್ಲುವವರೆಗೆ. ಆಮೇಲೆ ಗಾಲಿಗೆ ಗಾಳಿ ತುಂಬಿ, ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಅಕ್ಕಲಕೋಟಕ್ಕೆ ಹೊರಟಳು.

ಧರೆಪ್ಪ ಹೋದ ಮೇಲೆ ಅಪ್ಪ ಆ ರಸ್ತೆಗೆ ಬಂದದ್ದು ಅದೇ ಮೊದಲು. ಆ ಜಾಗ ಬಂದಾಗ ಕಣ್ಣು ಮುಚ್ಚಿಕೊಂಡ. ದಾಟಿದ ಮೇಲೆ ತೆರೆದ.

ಗೊಲ್ಲಾಳಪ್ಪ ಒಂದು ಹಿಟ್ಟಿನ ಗಿರಣಿಯಲ್ಲಿ ಇಂಜಿನ್ ರಿಪೇರಿ ಮಾಡುತ್ತಿದ್ದ. ತಲೆ, ಹುಬ್ಬು ಎಲ್ಲ ಜೋಳದ ಹಿಟ್ಟು. ಅವಳನ್ನು ನೋಡಿ ಅವನು ಮೊದಲು ನೋಡಿದ್ದು ಅವಳ ಹಿಂದೆ ನಿಂತಿದ್ದ ಕಾರಿನ ಎಡಗಾಲಿಯನ್ನು.

"ಗಾಳಿ ಸರಿ ಅದ," ಎಂದಳು ಮುಕ್ತಾ. "ಅಪ್ಪ ಎಲ್ಲಾ ಹೇಳಿದ. ನಾ ನಿಮಗ ಏನೇನೋ ಅಂದೆ."

ಅವನು ಕೈಯ ಹಿಟ್ಟು ಒರೆಸಿಕೊಂಡ.

"ನೀವು ಅಂದಿದ್ದು ತಪ್ಪಲ್ರಿ. ನಾ ಮುಚ್ಚಿಟ್ಟಿದ್ದು ತಪ್ಪು. ಆಣಿ ಮುರೀಬೇಕಿತ್ತು. ಈ ಮೂರು ದಿನ ಕೈಯಾಗಿನ ಕೆಲಸ ಬಿದ್ದು ಬಿದ್ದು ಹೋಗಾಕತ್ತದ. ಇವತ್ತು ಗಾಲಿ ನೋಡಿದ್ರೋ ಇಲ್ಲೋ ಅಂತ... ನಾಳಿ ನಾನ ಬರಾವ ಇದ್ದೆ, ಬಾಗಿಲಾಗಿಂದ ಕಳಿಸಿದ್ರೂ."

"ಯಾಕ?"

ಅವನು ಕಣ್ಣೆತ್ತಿ ಅವಳನ್ನು ನೋಡಿದ. ಅವಳಿಗೆ ಉತ್ತರ ತಿಳಿದುಹೋಯಿತು. ಗಿರಣಿಯ ಬಾಗಿಲಲ್ಲಿ ನಿಂತಿದ್ದ ಅಪ್ಪನಿಗೂ ತಿಳಿಯಿತು. ಅವನು ಮುಂದೆ ಬಂದು ಗೊಲ್ಲಾಳಪ್ಪನ ಹೆಗಲ ಮೇಲೆ ಕೈಯಿಟ್ಟು, ಓಟದ ದಿನ ಕಾರನ್ನು ನಾವಿಬ್ಬರೂ ಕೂಡಿ ನೋಡೋಣ ಎಂದ.

ಓಟದ ದಿನ ವಿಮಾನದ ಬಯಲಿನ ತುಂಬ ಜನ. ಎಣ್ಣೆಯ ಪೀಪಾಯಿಗಳನ್ನು ಇಟ್ಟು ತಿರುವು ಮಾಡಿದ್ದರು. ಹೊರಡುವ ಮೊದಲು ಅಪ್ಪ ಗೊಲ್ಲಾಳಪ್ಪನ ಜೊತೆ ತಾನೂ ಕೂತು ನಾಲ್ಕೂ ಗಾಲಿ ನೋಡಿದ. ಕೈ ನಡುಗುತ್ತಿತ್ತು, ಆದರೂ ನೋಡಿದ. ಕೊನೆಗೆ ಮಗಳ ತಲೆ ನೇವರಿಸಿ ಹಿಂದೆ ಸರಿದ.

ಮುಕ್ತಾ ಗೆಲ್ಲಲಿಲ್ಲ. ಮೊದಲು ಬಂದದ್ದು ಪುಣೆಯ ಆ ಸಾಹೇಬರ ಕಾರು. ಅವಳದು ಮೂರನೆಯದು. ಆದರೆ ಕಡೆಯ ತಿರುವಿನಲ್ಲಿ ಅವಳ ಕಾರಿನ ಹಿಂಭಾಗ ಜಾರಿ, ಪೀಪಾಯಿಗೆ ಗೇಣು ದೂರದಲ್ಲಿ ಮತ್ತೆ ನೆಟ್ಟಗಾದಾಗ ಬಯಲೆಲ್ಲ ಉಸಿರು ಬಿಗಿಹಿಡಿದಿತ್ತು. ನಕ್ಕಿದ್ದ ಓಣಿಯ ಜನರೇ ಈಗ ಅವಳ ಹೆಸರು ಹಿಡಿದು ಕೂಗಿದರು. ಅಪ್ಪ ಅಳುತ್ತಾ ನಗುತ್ತಿದ್ದ.

ಕಾರು ನಿಂತಿತು. ಗೊಲ್ಲಾಳಪ್ಪ ಓಡಿಬಂದ. ಮುಕ್ತಾ ಧೂಳು ತುಂಬಿದ ಮುಖ ಎತ್ತಿದಳು.

"ಜಾರಿತಲ್ಲ, ಆಗ ನಿಮ್ಮ ಹೆಸರು ಬಾಯಾಗ ಬಂತು."

"ಹೆಸರು ತಗೊಂಡು ಏನ್ ಮಾಡ್ತೀರಿ? ಲಕ್ಷ್ಯ ಸ್ಟೇರಿಂಗ್ ಮ್ಯಾಲ ಇರ್ಬೇಕಿತ್ತು."

"ಅದೂ ಇತ್ತು. ಹೆಸರೂ ಬಂತು."

ಅವನು ಕಾರಿನ ಅಂಚು ಹಿಡಿದುಕೊಂಡು ಬಗ್ಗಿದ. ಸುತ್ತಲೂ ಅಷ್ಟು ಗದ್ದಲವಿದ್ದರೂ ಅವನ ದನಿ ಅವಳಿಗೆ ಮಾತ್ರ ಕೇಳಿಸುವಷ್ಟು ಮೆಲ್ಲಗಿತ್ತು.

"ಹಂಗಾರ ನಮ್ಮ ಲಗ್ನಕ್ಕ ಮಿಸ್ತ್ರಿಯವ್ರನ್ನ ಕೇಳ್ಲೇನ್ರಿ?"

"ಮೊದಲ ನನ್ನ ಕೇಳ್ರಿ."

"ಕೇಳಿದೆ."

ಮುಕ್ತಾ ಅವನ ಕೈಯ ಮೇಲೆ ತನ್ನ ಕೈ ಇಟ್ಟಳು. ಎರಡೂ ಕೈಗೆ ಒಂದೇ ಗ್ರೀಸು, ಒಂದೇ ಧೂಳು.

"ಹೂಂ," ಎಂದಳು.