ಬಿಸಿಗೆ ಸಾಯುವ ಚಿಪ್

ಲ್ಯಾಬಿನ ಸರ್ವೋತ್ತಮ ನಾಳೆ ಗಿರಾಕಿಗಳ ಮುಂದೆ ಬಾಯಿ ಬಿಟ್ಟರೆ ತನ್ನ ಕೆಲಸ, ವೀಸಾ ಎರಡೂ ಖಲಾಸ್ ಎಂಬುದರಲ್ಲಿ ಲೆಸ್ಟರನಿಗೆ ಸಂಶಯವಿರಲಿಲ್ಲ. ಅಬುಧಾಬಿಯ ಕಂಪನಿಯೊಂದರ ವಿದ್ಯುತ್ ಮೀಟರಿಗೆಂದೇ ಮಾಡಿಸಿದ ಚಿಪ್ಪಿನ ಉಸ್ತುವಾರಿ ಅವನದು. ವಾಯಿದೆ ಮೀರಬಾರದೆಂದು ಶಾಖದ ಪರೀಕ್ಷೆಯೊಂದನ್ನು ಕೈಬಿಡಿಸಿದವನೂ ಅವನೇ. ತೈವಾನಿನಿಂದ ಬಂದ ಮೊದಲ ಚಿಪ್‌ಗಳು ತಣ್ಣಗಿರುವಾಗ ಚೆನ್ನಾಗಿಯೇ ನಡೆದವು. ಬಿಸಿಯಾದ ಕೂಡಲೇ ಸತ್ತವು. ಅದನ್ನು ಕಂಡವನು ಸರ್ವೋತ್ತಮನೊಬ್ಬನೇ.

ಆ ಚಿಪ್‌ಗಳನ್ನಿಟ್ಟ ಟ್ರೇ ಕಳವಾದರೆ ಹೊಸ ಚಿಪ್ ಮಾಡಿಸಲೇಬೇಕು. ಆಗ ತಪ್ಪನ್ನು ಸದ್ದಿಲ್ಲದೆ ತಿದ್ದಬಹುದು. ಕಂಡವನು ಮಾತ್ರ ಉಳಿಯಬಾರದು.

ಶುಕ್ರವಾರ ದುಬೈಯ ಅಲ್ ಬರ್ಷಾದ ಕಚೇರಿಗೆ ರಜೆ. ಕಾವಲಿನ ಹಂಝ ಜುಮ್ಮಾ ನಮಾಜಿಗೆ ಹೋಗುತ್ತಾನೆ. ಹಿಂದಿನ ಮೆಟ್ಟಿಲಿನ ಕ್ಯಾಮೆರಾ ಕೆಟ್ಟು ಒಂದು ಬೇಸಗೆ ಕಳೆದಿದೆ. ಭಾನುವಾರದ ಪೂಜೆ ಇಲ್ಲಿ ಶುಕ್ರವಾರವೇ; ಇಗರ್ಜಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಹೆಂಡತಿ ಡೆಬೊರಾಳನ್ನು ಇಳಿಸಿ ಪಾರ್ಕಿಂಗ್ ಹುಡುಕಲು ಹೋದವನು ಪ್ರಸಾದದ ಹೊತ್ತಿಗೆ ಹಿಂದಿನ ಸಾಲಿನಲ್ಲಿ ಕಂಡರೆ ಸಾಕು.

ನಾಳೆಯ ವರದಿಗೆಂದು ಲ್ಯಾಬಿನಲ್ಲಿ ಒಬ್ಬನೇ ಕೂತಿದ್ದ ಸರ್ವೋತ್ತಮನೇ ಬಾಗಿಲು ತೆರೆದ. "ಎಂತ ಪೊರ್ಬುಗಳೇ, ಇವತ್ತು ಪೂಜೆಗೆ ಚಕ್ಕರಾ?" ಊರಲ್ಲಿ ಕ್ರೈಸ್ತರನ್ನು ಕರೆಯುವ ಹಾಗೆಯೇ ಕರೆದ.

"ನಾಳೆ ಹೇಳುದು ಬೇಡ ಮಾರಾಯ."

"ಹೇಳದೆ ಎಂತ ಮಾಡುದು? ಸತ್ತ ಚಿಪ್ಪನ್ನು ಎಬ್ಬಿಸ್ಲಿಕ್ಕೆ ನಿಮ್ಮ ಪಾದ್ರಿಗಳಿಂದಲೂ ಆಗ್ಲಿಕ್ಕಿಲ್ಲ," ಎಂದು ನಗುತ್ತ ಅವನು ಮೇಜಿನತ್ತ ತಿರುಗಿದ.

ಊರಿನಲ್ಲಿ, ಶಿರ್ವದ ಹಿತ್ತಿಲಲ್ಲಿ ಹಲಸಿನ ಕೊರಡು ಸೀಳಿದ ಕೈ ಲೆಸ್ಟರನದು. ಎಲ್ಲಿ ಬಿದ್ದರೆ ಬಿರಿಯುತ್ತದೆಂದು ಅದಕ್ಕೆ ಗೊತ್ತಿತ್ತು. ಚೀಲದಿಂದ ತೆಗೆದ ಗ್ಯಾಸ್ ಸಿಲಿಂಡರಿನ ಉದ್ದ ಸ್ಪ್ಯಾನರ್ ಮೊದಲ ಏಟಿಗೇ ತಲೆಬುರುಡೆಯೊಳಗೆ ಇಳಿಯಿತು. ಕೆಳಗೆ ಬಿದ್ದವನು ಕುರ್ಚಿಯ ಕಾಲು ಹಿಡಿದು ಏಳಲು ನೋಡಿದ. ಲೆಸ್ಟರ್ ಅವನ ಬೆನ್ನ ಮೇಲೆ ಮಂಡಿಯೂರಿ, ಬೆರಳುಗಳು ತಾವಾಗಿಯೇ ಬಿಡುವವರೆಗೆ ಹೊಡೆದ. ಕೈಗವಸು ಮುಗಿದಲ್ಲಿ ಮಣಿಕಟ್ಟಿಗೆ ನೆತ್ತರು ಬೆಚ್ಚಗೆ ಹರಿಯಿತು. ಕಪಾಟು ಒಡೆದು, ದಿನದ ರೂಢಿಯಂತೆಯೇ ಟ್ರೇ ಎತ್ತಿ ಚೀಲಕ್ಕೆ ಸೇರಿಸಿ, ಕಾರಿನಲ್ಲಿ ಬೇರೆ ಅಂಗಿ ತೊಟ್ಟ. ಪ್ರಸಾದಕ್ಕೆ ನಾಲಗೆ ಚಾಚುವಾಗ ಅವನ ಉಸಿರು ಸಮವಾಗಿತ್ತು.

ಮರುದಿನ ಹಿಂದಿ ಬಲ್ಲ ಪೊಲೀಸ್ ಅಧಿಕಾರಿ ಲ್ಯಾಬಿನ ಮೇಜಿನ ಬದಿಯ ಕೊಕ್ಕೆಯಲ್ಲಿ ಓರಣವಾಗಿ ತೂಗುತ್ತಿದ್ದ, ತಂತಿ ಜೋಡಿಸಿದ ಬಟ್ಟೆಪಟ್ಟಿಯೊಂದನ್ನು ತೋರಿಸಿ, ಇದೇನೆಂದು ಕೇಳಿದ. ಲೆಸ್ಟರ್ ಹೊಸಬರಿಗೆ ಹೇಳಿಕೊಡುವಂತೆ ಹೇಳಿದ: "ಮೈಯ ಕರೆಂಟು ತಾಗಿದರೆ ಚಿಪ್ ಹಾಳಾಗುತ್ತದೆ. ಟ್ರೇ ಮುಟ್ಟುವ ಮೊದಲು ಇದನ್ನು ಮಣಿಕಟ್ಟಿಗೆ ಬಿಗಿಯಲೇಬೇಕು. ನಮಗೆ ಕೈಗೆ ಅಭ್ಯಾಸವಾಗಿಬಿಟ್ಟಿದೆ, ಗೊತ್ತೇ ಆಗುವುದಿಲ್ಲ." ಅಧಿಕಾರಿ ತಲೆಯಾಡಿಸಿ, ಪೆನ್ನಿನ ತುದಿಯಿಂದ ಪಟ್ಟಿಯನ್ನು ಮಗುಚಿದ. ಹೊರಮೈ ಚೊಕ್ಕವಾಗಿತ್ತು. ಚರ್ಮಕ್ಕೆ ತಾಗುವ ಒಳಮೈಯಲ್ಲಿ ಮಾತ್ರ ಸರ್ವೋತ್ತಮನ ನೆತ್ತರು ಕಪ್ಪಾಗಿ ಒಣಗಿತ್ತು.