ಇಂಗ್ಲೆಂಡಿನ ಆಕಳು, ಹ್ಯಾರಿಸನ್ನಿನ ಅಜ್ಜ

"ಅಜ್ಜಾ, ಮೆಲ್ಲಗೆ! ಪ್ಲೀಸ್!"

"ನಾ ಎಲ್ಲಿ ಜೋರ್ ಮಾತಾಡೀನಿ?" ಎಂದ ಸಿದ್ದರಾಮಪ್ಪಜ್ಜ. ಆ ದನಿಗೆ ಸ್ಟ್ಯಾಂಡಿನಲ್ಲಿದ್ದ ಸ್ಟೀಲ್ ಲೋಟಗಳು ಗುಂಯ್ ಎಂದವು.

ಗಾರ್ಗಿ ಬೆಡ್‌ರೂಮಿನ ಬಾಗಿಲು ನೋಡಿದಳು. ಮುಚ್ಚಿಯೇ ಇತ್ತು. ಒಳಗೆ ಅಮ್ಮನ ಇಂಟರ್‌ವ್ಯೂ ಆಗಷ್ಟೇ ಶುರುವಾಗಿತ್ತು.

ಬೇಸಿಗೆಯಲ್ಲಿ ಅಮ್ಮನ ಕೆಲಸ ಹೋಗಿತ್ತು. ಆಮೇಲೆ ಎಷ್ಟೋ ಕಂಪನಿಗಳು ಲ್ಯಾಪ್‌ಟಾಪಿನಲ್ಲಿ ಒಮ್ಮೆ ಮಾತಾಡಿಸಿ ಸುಮ್ಮನಾಗಿದ್ದವು. ಎರಡನೇ ಸಲ ಕರೆದದ್ದು ಇದೊಂದೇ. ಬೆಳಿಗ್ಗೆ ಅಮ್ಮ ದೋಸೆ ತಿನ್ನದೆ ಬರೀ ಕಾಫಿ ಕುಡಿದಿದ್ದಳು. ಬಾಗಿಲು ಹಾಕಿಕೊಳ್ಳುವ ಮುಂಚೆ ಬಗ್ಗಿ, "ಗಾರ್ಗಿ, ಜಸ್ಟ್ ಒನ್ ಅವರ್. ಅಜ್ಜನ ರೇಡಿಯೊ ನಿನ್ನ ಜವಾಬ್ದಾರಿ" ಎಂದು ಪಿಸುಗುಟ್ಟಿದ್ದಳು. ಅಪ್ಪ ಟ್ರೇನ್ ಹಿಡಿದು ಆಫೀಸಿಗೆ ಹೋಗಿಯಾಗಿತ್ತು. ಶಾಲೆಗೆ ರಜೆ.

ಅಜ್ಜನ ರೇಡಿಯೊ ಎಂದರೆ ಟ್ಯಾಬ್ಲೆಟ್ಟು. ಧಾರವಾಡದ ಹತ್ತಿರದ ಹಳ್ಳಿಯಿಂದ ಅಮೆರಿಕದ ಈ ಹ್ಯಾರಿಸನ್ ಊರಿಗೆ ಆರು ತಿಂಗಳಿಗೆಂದು ಬಂದವನಿಗೆ ಹೊತ್ತು ಹೋಗಲೆಂದು ಅಪ್ಪ ಅದರಲ್ಲಿ ಏನೇನೋ ಹಾಕಿ ತೋರಿಸಿದ್ದ. ಅಜ್ಜನಿಗೆ ಹಿಡಿಸಿದ್ದು ಬ್ರಿಟನ್ನಿನ ಮಾತಿನ ರೇಡಿಯೊ ಮಾತ್ರ.

"ಬ್ಯಾರೇ ರೇಡಿಯೊದಾಗ ಹಾಡು, ಹಾಡು ಮುಗದ್ರ ಜಾಹೀರಾತು. ಇವ್ರು ನೋಡು, ಮುಂಜಾನಿಂದ ಸಂಜೀತನಕ ಮಾತಾಡ್ತಾರ. ಮನಿ ತುಂಬಿದಂಗ ಇರತೈತಿ" ಎನ್ನುತ್ತಿದ್ದ.

ಅಜ್ಜನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಅದರಿಂದ ಅವನಿಗೇನೂ ತೊಂದರೆಯಾಗಿರಲಿಲ್ಲ.

ನಸುಕಿನಲ್ಲಿ ಎದ್ದರೆ ಬ್ರಿಟನ್ನಿನಲ್ಲಿ ಆಗಲೇ ಹೊತ್ತೇರಿರುತ್ತಿತ್ತು. ರೇಡಿಯೊದಲ್ಲಿ ಹೆಂಗಸರಿಬ್ಬರು ಹರಟೆ ಹೊಡೆಯುತ್ತಿದ್ದರು. ಅಜ್ಜ ಅವರ ಜತೆ ಚಹಾ ಕುಡಿಯುತ್ತಿದ್ದ. ಆಮೇಲೆ ಒಬ್ಬ ಸಮುದ್ರದ ಗಾಳಿ ಮಳೆಯ ವರದಿಯನ್ನು ಒಂದೇ ರಾಗದಲ್ಲಿ ಓದುತ್ತಿದ್ದ. ಅದು ಮುಗಿಯುವವರೆಗೆ ಅಜ್ಜ ಕದಲುತ್ತಿರಲಿಲ್ಲ. "ಎಷ್ಟ್ ಸಾವಕಾಶ ಓದ್ತಾನ! ಉಣ್ಣಾಕ ಕೊಟ್ಟು ಓದಸ್ಬೇಕು ಇಂವನ್ನ" ಎನ್ನುತ್ತಿದ್ದ. ಕ್ವಿಜ್ ಬಂದರೆ ಇನ್ನೂ ಖುಷಿ. "ಈ ಹುಡುಗ ನಪಾಸು" ಎನ್ನುತ್ತಿದ್ದ. "ಹೆಂಗ್ ಗೊತ್ತಜ್ಜ?" ಎಂದರೆ, "ಬಾಯಿ ತೆಗಿಯೂ ಮದಲ ಉಸುರು ಬಿಟ್ಟ ನೋಡು" ಎನ್ನುತ್ತಿದ್ದ. ಟೊಂಯ್ ಎಂದು ತಪ್ಪಿನ ಗಂಟೆ ಬಾರಿಸಿಯೇ ಬಿಡುತ್ತಿತ್ತು.

ಆದರೆ ಇವತ್ತು ಬಂದದ್ದು ತೋಟಗಾರಿಕೆಯ ಕಾರ್ಯಕ್ರಮ. ಅಜ್ಜನಿಗೆ ಅದರಲ್ಲಿ ಒಂದು ಪದ ಗೊತ್ತಾಯಿತು: ಟೊಮೆಟೊ.

"ಹುಳ ಬಿದ್ದೈತೇನ್ರಿ? ಬೂದಿ ಹಾಕ್ರಿ, ಬೂದಿ!"

ರೇಡಿಯೊದಲ್ಲಿ ಜನ ಚಪ್ಪಾಳೆ ತಟ್ಟಿದರು. ಅಜ್ಜ ಗಾರ್ಗಿಯ ಕಡೆ ನೋಡಿ ಮೀಸೆ ಸವರಿಕೊಂಡ.

"ಅಜ್ಜಾ! ಅವ್ರಿಗೆ ಕೇಳ್ಸಲ್ಲ. ಅಮ್ಮಂಗೆ ಕೇಳ್ಸತ್ತೆ!"

"ಹೌದಲ್ಲ, ಮರತೆ" ಎಂದು ಅಜ್ಜ ನಾಲಿಗೆ ಕಚ್ಚಿಕೊಂಡ. "ಬಂದ್ ಮಾಡ್ಲೇನು?"

ಆ ಮುಖ ನೋಡಿ ಗಾರ್ಗಿಗೆ ಹೂಂ ಎನ್ನಲಾಗಲಿಲ್ಲ. ಅಷ್ಟರಲ್ಲಿ ಅವಳಿಗೊಂದು ಐಡಿಯಾ ಹೊಳೆಯಿತು. ಅಪ್ಪನ ದೊಡ್ಡ ಹೆಡ್‌ಫೋನ್ ತಂದಳು, ಟ್ಯಾಬ್ಲೆಟ್ಟಿಗೆ ಕನೆಕ್ಟ್ ಮಾಡಿದಳು, ಅಜ್ಜನ ಟೋಪಿಯ ಮೇಲೆಯೇ ಕೂರಿಸಿದಳು.

ಮನೆ ಸ್ತಬ್ಧವಾಯಿತು. ಕೆಳಗಿನ ರಸ್ತೆಯ ಕಾರುಗಳೂ ಕೇಳಿಸಿದವು. ನಾನು ಜೀನಿಯಸ್ ಎಂದುಕೊಂಡು ಗಾರ್ಗಿ ಕುಕೀ ಡಬ್ಬಿಗೆ ಕೈ ಹಾಕಿದಳು.

"ಏನ್ ಮಸ್ತ್ ಕೇಳಸ್ತೈತಿ!!"

ಡಬ್ಬಿ ಕೈಯಿಂದ ಬಿತ್ತು. ಕಿವಿ ಮುಚ್ಚಿದವನಿಗೆ ತನ್ನ ದನಿಯೇ ಕೇಳಿಸುತ್ತಿರಲಿಲ್ಲ. ಅಜ್ಜ ಈಗ ಆಚೆ ಹೊಲದಲ್ಲಿ ಗಳೇ ಹೊಡೆಯುವವನನ್ನು ಕೂಗಿದಂತೆ ಮಾತಾಡುತ್ತಿದ್ದ.

"ಅಜ್ಜಾ, ಶ್!"

"ಆಂ? ಏನಂದಿ??"

ಗಾರ್ಗಿ ತುಟಿಯ ಮೇಲೆ ಬೆರಳಿಟ್ಟುಕೊಂಡು ತೋರಿಸಿದಳು. ಅಜ್ಜನೂ ತುಟಿಯ ಮೇಲೆ ಬೆರಳಿಟ್ಟುಕೊಂಡ. ಇಬ್ಬರೂ ಹಾಗೇ ಕೂತರು. ತೋಟದವರು ಹೋಗಿ ನಾಟಕದವರು ಬಂದರು. ಎಲ್ಲ ಸರಿಹೋಯಿತು ಎನ್ನುವಷ್ಟರಲ್ಲಿ ಅಜ್ಜನ ಬೆರಳು ತುಟಿಯಿಂದ ಜಾರಿತು. ಹುಬ್ಬು ಗಂಟಾಯಿತು. ನಿಧಾನಕ್ಕೆ ಎದ್ದು ನಿಂತ.

"ಹೊಟ್ಟ್ಯಾಗ ಕರ ಅಡ್ಡ ಆಗೈತಿ" ಎಂದ.

"ವಾಟ್?"

"ಆಕಳ ಒದ್ದಾಡಾಕತ್ತೈತಿ! ಕೈಗೆ ಎಣ್ಣಿ ಹಚ್ಚಿಕೋರಿ! ಏ, ಹಂಗ ಜಗ್ಗಬ್ಯಾಡ್ರೋ! ಆಕಿ ತಿಣಕಿದಾಗಷ್ಟ ಎಳೀರಿ! ಈಗ! ಎಳೀರಿ! ಎಳೀರಿ!"

ಗಾರ್ಗಿ ಓಡಿ ಹೋಗಿ ಸೋಫಾ ಮೇಲಿದ್ದ ಟ್ಯಾಬ್ಲೆಟ್ ಹಿಡಿದಳು. ಗಾಬರಿಯಲ್ಲಿ ಎಲ್ಲಿ ಒತ್ತಿದಳೋ, ಹೆಡ್‌ಫೋನ್ ಡಿಸ್‌ಕನೆಕ್ಟ್ ಆಯಿತು.

"ಅಂಬಾಆಆಆ!"

ಫುಲ್ ವಾಲ್ಯೂಮಿನಲ್ಲಿ ಇಂಗ್ಲೆಂಡಿನ ಆಕಳು ಹ್ಯಾರಿಸನ್ನಿನ ನಾಲ್ಕನೇ ಮಹಡಿಯಲ್ಲಿ ಕೂಗಿತು. ಗಾರ್ಗಿ ಟ್ಯಾಬ್ಲೆಟ್ಟನ್ನು ದಿಂಬಿನ ಕೆಳಗೆ ತುರುಕಿ ಅದರ ಮೇಲೆ ಕೂತಳು. ಆಕಳು ದಿಂಬಿನ ಕೆಳಗಿನಿಂದಲೂ ಕೂಗಿತು. ಕೊನೆಗೆ ಬಟನ್ ಸಿಕ್ಕಿತು.

ಬೆಡ್‌ರೂಮಿನಲ್ಲಿ ಅಮ್ಮನ ಮಾತೂ ನಿಂತಿತ್ತು.

ಅಮ್ಮ ಹೊರಗೆ ಬಂದಾಗ ಗಾರ್ಗಿ ಅಳುಮುಖ ಮಾಡಿಕೊಂಡು ಬಾಗಿಲಲ್ಲೇ ನಿಂತಿದ್ದಳು. "ಐ ಆಮ್ ಸೋ ಸಾರಿ, ಅಮ್ಮ."

ಅಮ್ಮ ಕುರ್ಚಿಯಲ್ಲಿ ಕುಸಿದಳು. "ಆಕಳಾ ಅಂತ ಕೇಳಿದ್ರು. ಹೌದು ಅಂದೆ. ಅಪಾರ್ಟ್‌ಮೆಂಟಲ್ಲಾ ಅಂದ್ರು. ಇಲ್ಲ, ಇಂಗ್ಲೆಂಡಲ್ಲಿ ಅಂದೆ. ಆಮೇಲೇನ್ ಹೇಳ್ಬೇಕೋ ಗೊತ್ತಾಗ್ಲಿಲ್ಲ."

"ನಕ್ರಾ?"

"ಒಬ್ರು ನಕ್ರು. ಇನ್ನೊಬ್ರು ಏನೋ ಟೈಪ್ ಮಾಡ್ಕೊಂಡ್ರು."

ಅಜ್ಜ ಹೆಡ್‌ಫೋನನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದ. "ನನ್ನಿಂದ ನಿನ್ ಕೆಲಸ ಕೆಡ್ತೇನವಾ, ಪದ್ಮಜಾ?" ಎಂದ. ಈ ಸಲ ದನಿ ಅವನ ಬಾಯಿಂದಾಚೆ ಬಂದದ್ದೇ ಕಷ್ಟದಲ್ಲಿ.

"ಇಲ್ಲ ಮಾವ, ಬಿಡಿ" ಎಂದಳು ಅಮ್ಮ. ಆದರೆ ಊಟಕ್ಕೆ ಬಡಿಸುವಾಗ ಅವಳು ಎರಡು ಸಲ ಉಪ್ಪು ಹಾಕಿದಳು. ಎಲ್ಲರೂ ಅದನ್ನೇ ಉಂಡರು.

ತಟ್ಟೆ ತೊಳೆಯುವ ಹೊತ್ತಿಗೆ ಫೋನ್ ಟಿಣ್ ಎಂದಿತು. ಅಮ್ಮ ಒದ್ದೆ ಕೈಯಲ್ಲೇ ಓದಿದಳು. ಮತ್ತೆ ಓದಿದಳು. "ಬುಧವಾರ ಆಫೀಸಿಗೇ ಬನ್ನಿ ಅಂದಿದಾರೆ! ಲಾಸ್ಟ್ ರೌಂಡು!"

ಗಾರ್ಗಿ ಅಡುಗೆಮನೆಯಲ್ಲೇ ಕುಣಿದಳು.

"ಚಲೋ ಆತು," ಎಂದ ಅಜ್ಜ. "ಅಲ್ಲಿ ಆಕಳಿರೂದಿಲ್ಲ."

ಅಮ್ಮನಿಗೆ ನಗು ಬಂದರೆ ನಿಲ್ಲುತ್ತಿರಲಿಲ್ಲ. ಕಣ್ಣೊರೆಸಿಕೊಂಡು ನಕ್ಕಳು. ಅಜ್ಜನೂ ನಕ್ಕ. ನಕ್ಕು, ಟ್ಯಾಬ್ಲೆಟ್ ಇನ್ನೂ ಕೆಳಗಿದ್ದ ದಿಂಬಿನ ಕಡೆ ಒಮ್ಮೆ ನೋಡಿ, ಮುಖ ತಿರುಗಿಸಿಕೊಂಡ.

ಗಾರ್ಗಿ ಅದನ್ನು ನೋಡಿದಳು. ಆ ಕರು ಏನಾಯಿತೆಂದು ಅಜ್ಜ ತಾನಾಗಿ ಕೇಳುವವನಲ್ಲ ಎಂದು ಅವಳಿಗೆ ಗೊತ್ತಾಯಿತು. ಇವತ್ತಂತೂ ಕೇಳುವುದೇ ಇಲ್ಲ.

ಅವಳು ಟ್ಯಾಬ್ಲೆಟ್ ತೆಗೆದಳು. ಆಗಿಹೋದ ಕಾರ್ಯಕ್ರಮಗಳನ್ನು ಮತ್ತೆ ಕೇಳಬಹುದಿತ್ತು. ಹುಡುಕಿ, ನಾಟಕವನ್ನು ಆಕಳ ಜಾಗಕ್ಕೆ ತಂದು, ಅಜ್ಜನ ಪಕ್ಕ ಕೂತಳು.

ಆಕಳು ಕೂಗಿತು. ಗಂಡಸರು ಏನೇನೋ ಕಿರುಚಿದರು. ಒದ್ದೆ ಹುಲ್ಲಿನ ಮೇಲೆ ಏನೋ ದೊಪ್ಪನೆ ಬಿದ್ದ ಸದ್ದು. ಆಮೇಲೆ ಎಲ್ಲ ನಿಶ್ಶಬ್ದ. ಒಬ್ಬ ಸಣ್ಣ ದನಿಯಲ್ಲಿ ಏನೋ ಹೇಳಿದ.

ಅಜ್ಜ ರೇಡಿಯೊವನ್ನು ನೋಡುತ್ತಿರಲಿಲ್ಲ. ಗಾರ್ಗಿಯ ಮುಖವನ್ನೇ ನೋಡುತ್ತಿದ್ದ.

"ಉಸಿರಾಡ್ತಿಲ್ವಂತೆ" ಎಂದಳು ಗಾರ್ಗಿ.

"ಮೂಗು ಒರಸ್ಬೇಕು, ಹುಲ್ಲಿನಿಂದ ಮೈ ತಿಕ್ಕಬೇಕು" ಎಂದ ಅಜ್ಜ ಮೆಲ್ಲಗೆ.

"ತಿಕ್ತಿದಾರೆ... ತಡಿ... ಎದ್ದೇಳ್ತಿದೆ ಅಜ್ಜ! ನಿಂತ್ಕೊಳ್ತು!"

"ಹೆಣಗರನೋ, ಹೋರಿಗರನೋ?"

"ಅದಕ್ಕೆ ‘ಶೀ’ ಅಂದ್ರು. ಹೆಣ್ಣು."

ಅಜ್ಜ ಕಣ್ಣು ಮುಚ್ಚಿ ಸೋಫಾಕ್ಕೆ ಒರಗಿದ. ಅವನ ಹೆಗಲು ಕೆಳಗಿಳಿದದ್ದು ಗಾರ್ಗಿಗೆ ಪಕ್ಕದಲ್ಲೇ ತಿಳಿಯಿತು.

ನಾಟಕ ಮುಗಿದು ಮುಂದಿನದು ಶುರುವಾಯಿತು. ಮುದುಕರಿಬ್ಬರು ಯಾವುದೋ ರೈಲಿನ ವಿಷಯಕ್ಕೆ ವಾದ ಮಾಡುತ್ತಿದ್ದರು. ಗಾರ್ಗಿಗೆ ಅಂಥದ್ದೆಲ್ಲ ಸೂಪರ್ ಬೋರಿಂಗ್. ಅವಳು ಏಳಬೇಕೆಂದು ಕಾಲು ಕೆಳಗಿಟ್ಟಳು.

ಅಜ್ಜ ಆಗಲೇ ತಲೆ ಓರೆ ಮಾಡಿ, ಆ ಇಬ್ಬರ ದನಿಯನ್ನು ಒಂದೊಂದಾಗಿ ಅಳೆಯುತ್ತ ಕೂತಿದ್ದ, ಒಬ್ಬನೇ.

ಗಾರ್ಗಿ ಕಾಲು ಮೇಲೆ ಮಡಚಿಕೊಂಡಳು. "ಇವ್ರಿದ್ದಾರಲ್ಲ, ಅಜ್ಜ," ಎಂದಳು, "ಇವ್ರಿಬ್ರಿಗೂ ಬೆಳಿಗ್ಗೆಯಿಂದ ಟ್ರೇನೇ ಸಿಕ್ಕಿಲ್ಲ."